ರಾತ್ರಿಯ ರುಚಿ

ದೀಪ ಹಚ್ಚಿದ ಮೇಲೆ ನಮ್ಮ ಕಮಲತ್ತಿಗೆಯ ಬಾಯಲ್ಲಿ ಉಪ್ಪು ಅನ್ನುವ ಮಾತು ಬರುತ್ತಿರಲಿಲ್ಲ. ರಾತ್ರಿ ಹಾವಿಗೆ ಹುಳ ಅನ್ನುವುದು ಈ ಕಡೆ ಎಲ್ಲರಿಗೂ ಇದ್ದದ್ದೇ. ಅತ್ತಿಗೆ ಉಪ್ಪಿಗೂ ಬೇರೆ ಹೆಸರು ಇಟ್ಟಿದ್ದರು. ಹಗಲು ಉಪ್ಪು, ರಾತ್ರಿ ರುಚಿ. ಯಾಕೆ ಅಂತ ಕೇಳಿದರೆ, "ಎಂತಕ್ಕೋ ಗೊತ್ತಿಲ್ಲ ಮಾರಾಯ್ತಿ. ಅಮ್ಮ ಹೇಳ್ತಿರ್ಲಿಲ್ಲ, ನಾನೂ ಹೇಳೂದಿಲ್ಲ" ಅಂತ ಮುಗಿಸಿಬಿಡುತ್ತಿದ್ದರು.

ಅವರು ನನ್ನ ಗಂಡನ ಅಕ್ಕ. ಸೀತೂರಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಗಂಡ ಬೇಗ ಸತ್ತ, ಮಕ್ಕಳಿಲ್ಲ, ತಮ್ಮನ ಮನೆಗೆ ಬಂದು ನಿಂತರು. ನರಸಿಂಹರಾಜಪುರದಲ್ಲಿ ಅಕ್ಕಿ ಗಿರಣಿ ಹಿಂದಿನ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ನನ್ನವರು ಅದೇ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಾನು ಕಡೂರು ಕಡೆಯವಳು, ಮುದ್ದೆ ತಿಂದು ಬೆಳೆದವಳು. ಮದುವೆಯಾಗಿ ಬಂದಾಗ ಒಲೆ ಅತ್ತಿಗೆಯ ಕೈಯಲ್ಲಿತ್ತು. ಅವರು ಕುಳ್ಳಗೆ, ಅಗಲ ಪಾದ, ನಡೆದರೆ ನೆಲಕ್ಕೆ ಗೊತ್ತಾಗಬೇಕು.

ರಾತ್ರಿಗೆ ದೊಡ್ಡ ಅಡಿಗೆ ಏನಿಲ್ಲ. ಕುಚ್ಚಲಕ್ಕಿ ಗಂಜಿ, ಇಲ್ಲ ಅನ್ನ. ಹುರುಳಿ ಬೇಯಿಸಿದ ದಿನ ಹುರುಳಿ ಸಾರು, ಇಲ್ಲದ ದಿನ ಒಂದೆಲಗದ ತಂಬುಳಿ. ಕೆಂಡದಲ್ಲಿ ಸುಟ್ಟ ಹಪ್ಪಳ. ಜಾಡಿಯಿಂದ ಒಂದೊಂದು ಮಿಡಿ. ಉಪ್ಪಿನಕಾಯಿ ಅನ್ನುವ ಹಾಗಿಲ್ಲವಲ್ಲ, ಅದರಲ್ಲೂ ಉಪ್ಪು ಇದೆ. ಅದಕ್ಕೆ ರಾತ್ರಿ ಬರೀ ಮಿಡಿ. ನನ್ನವರು ಕೈ ತೊಳೆಯುವಾಗ ದಿನಾ ಕೆಣಕುತ್ತಿದ್ದರು.

"ಅಕ್ಕಾ, ಬೆಳಿಗ್ಗೆ ತಿಂಡಿಗೆ ರುಚಿಟ್ಟು ಮಾಡ್ತೀಯಾ?"

"ನಿನ್ನ ತಲೆ. ದೋಸೆ ಮಾಡ್ತೀನಿ, ಬಿದ್ಕೊ."

ಅತ್ತಿಗೆ ಅಡಿಗೆಯನ್ನು ನಾಲಿಗೆಗೆ ಹಚ್ಚಿ ನೋಡಿದ್ದೇ ಇಲ್ಲ. ಸಾರು ಕುದಿಯುವಾಗ ಮುಖ ಬಗ್ಗಿಸಿ ಮೂಸುತ್ತಿದ್ದರು. ಸಾಲದಿದ್ದರೆ ಉಪ್ಪು ತುಂಬಿಟ್ಟ ಮರದ ಮರಿಗೆಗೆ ಕೈ ಹಾಕಿ ನಾಲ್ಕು ಹರಳು ಬಿಡುತ್ತಿದ್ದರು. ಹೆಚ್ಚೂ ಆಗಿದ್ದಿಲ್ಲ, ಕಮ್ಮಿಯೂ ಆಗಿದ್ದಿಲ್ಲ.

ನಾನು ಮೊದಲ ಸಲ ಸಾರು ಮಾಡಿದ ದಿನ ರಾತ್ರಿ ಅತ್ತಿಗೆ ಒಂದು ತುತ್ತು ಉಂಡು, "ರುಚಿ ಇಲ್ಲ ಮಾರಾಯ್ತಿ" ಅಂದರು. ನನಗೆ ಈ ಮನೆಯ ಮಾತು ಇನ್ನೂ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಹೊಗೆ ಕುಡಿದಿದ್ದೆ. ಸೌಟು ಕುಕ್ಕಿ, "ರುಚಿ ಇಲ್ದಿದ್ರೆ ನೀವೇ ಮಾಡ್ಕೊಳಿ" ಅಂದೆ. ನನ್ನವರು ನಕ್ಕು ನಕ್ಕು ಅನ್ನ ಮೂಗಿಗೆ ಹತ್ತಿ ಕೆಮ್ಮಿದರು. ಅತ್ತಿಗೆ ತಟ್ಟೆ ಖಾಲಿ ಮಾಡಿ ಎದ್ದರು. ಮಾರನೆ ದಿನ ಬೆಳಕು ಹರಿದ ಮೇಲೆ ಅಂಗಳ ಗುಡಿಸುತ್ತಿದ್ದ ನನ್ನ ಹತ್ತಿರ ಬಂದು ಕಿವಿಯ ಬುಡದಲ್ಲಿ, "ಉಪ್ಪು! ಉಪ್ಪು! ನಿನ್ನೆ ಉಪ್ಪು ಹಾಕಿರ್ಲಿಲ್ಲ ನೀನು!" ಅಂತ ಕೂಗಿದರು. ರಾತ್ರಿಯಿಡೀ ತಡೆದುಕೊಂಡಿದ್ದರು ಅಂತ ಕಾಣುತ್ತದೆ.

ದೀಪ ಹಚ್ಚಿದ ಮೇಲೆ ಉಪ್ಪು ಮನೆಯಿಂದ ಹೊರಗೂ ಹೋಗಬಾರದು. ಪಕ್ಕದ ಮನೆಯ ಫಾತಿಮಾಳ ಗಂಡನಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಅಂಗಡಿ. ಅವಳಿಗೆ ಏನು ಮುಗಿದರೂ ಕತ್ತಲಾದ ಮೇಲೇ ಗೊತ್ತಾಗುವುದು.

"ಕಮಲಕ್ಕಾ, ಸ್ವಲ್ಪ ಉಪ್ಪು ಕೊಡಿ."

"ಎಂತ ಅಂದೆ? ಕೇಳೂದಿಲ್ಲ ನಂಗೆ."

"ರುಚಿ, ರುಚಿ! ರುಚಿ ಕೊಡಿ ಮಾರಾಯ್ರೆ, ಒಲೆ ಮೇಲೆ ಸಾರಿದೆ."

ಕೊಡುತ್ತಿರಲಿಲ್ಲ. ನಮ್ಮ ಸಾರನ್ನೇ ಒಂದು ಪಾತ್ರೆಗೆ ಬಗ್ಗಿಸಿ, "ರುಚಿ ಹಾಕಿದ್ದೇ ತಗೊಂಡು ಹೋಗು. ನಿಂದು ನಾಳೆಗಿರ್ಲಿ" ಅಂತ ಕಳಿಸುತ್ತಿದ್ದರು. ಎಷ್ಟೋ ರಾತ್ರಿ ನಾವು ಬರೀ ಗಂಜಿ, ಮಿಡಿಯಲ್ಲಿ ಮುಗಿಸಿದ್ದೇವೆ.

ನನ್ನವರು ಹೋದ ಮೇಲೆ ಉಳಿದದ್ದು ನಾವಿಬ್ಬರೇ. ಅತ್ತಿಗೆಗೆ ಕಾಲು ಊದಿತು, ಏದುಸಿರು ಶುರುವಾಯಿತು. ಕೊಪ್ಪಕ್ಕೆ ಕರೆದುಕೊಂಡು ಹೋದೆ. ಹೃದಯ ಸೋತಿದೆ, ಬಿಪಿಯೂ ಏರಿದೆ, ಉಪ್ಪು ಮುಟ್ಟಿಸಬೇಡಿ ಅಂದರು ಡಾಕ್ಟರು. ಉಪ್ಪಿನಕಾಯಿ, ಹಪ್ಪಳವೂ ಇಲ್ಲ. ಬಸ್ಸಿನಲ್ಲಿ ಬರುವಾಗ ಅತ್ತಿಗೆ ಕಿಟಕಿ ಕಡೆ ಮುಖ ಮಾಡಿ, "ಡಾಕ್ಟ್ರು ಬೇಡ ಅಂದಿದ್ದು ಉಪ್ಪು. ರಾತ್ರಿ ನಮ್ಮನೇಲಿ ಇರೂದು ರುಚಿ. ಅದು ಬೇರೆ" ಅಂದರು. ಮುಂದಿನ ಸೀಟಿನವನು ತಿರುಗಿ ನೋಡಿದ.

ನಾನು ಮರಿಗೆಯನ್ನು ಅಟ್ಟಕ್ಕೆ ಏರಿಸಿದೆ. ನನಗೆ ಬೇಕಾದ ಪುಡಿ ಉಪ್ಪನ್ನು ಡಬ್ಬಕ್ಕೆ ಹಾಕಿ ಅಕ್ಕಿ ಚೀಲದ ಹಿಂದೆ ಬಚ್ಚಿಟ್ಟೆ. ಅವರಿಗೆ ಸಪ್ಪೆ ಗಂಜಿ, ಸಪ್ಪೆ ತಂಬುಳಿ. ಹಗಲು ಏನೂ ಕೇಳುತ್ತಿರಲಿಲ್ಲ. ರಾತ್ರಿ ಒಂದು ತುತ್ತು ಉಂಡು, "ಸರೋಜಾ, ರುಚಿ ಇಲ್ಲ" ಅನ್ನುತ್ತಿದ್ದರು.

ಅರ್ಥವಾಗದವಳ ಹಾಗೆ, "ರುಚಿ ಇಲ್ದಿದ್ರೆ ನೀವೇ ಮಾಡ್ಕೊಳಿ" ಅನ್ನುತ್ತಿದ್ದೆ. ಮೊದಮೊದಲು ಇಬ್ಬರೂ ನಗುತ್ತಿದ್ದೆವು. ಆಮೇಲೆ ನಾನೊಬ್ಬಳೇ. ಮಳೆ ಜೋರಾಗುವ ಹೊತ್ತಿಗೆ ನಾನೂ ನಿಲ್ಲಿಸಿದೆ. ಮಾತು ಮಾತ್ರ ಹಾಗೇ ನಡೆಯಿತು. ಅವರು ರುಚಿ ಇಲ್ಲ ಅನ್ನುವುದು, ನಾನು ತಿಳಿಯದವಳ ಹಾಗೆ ಪಾತ್ರೆ ಎತ್ತುವುದು. ನನ್ನ ಪಾಲಿಗೆ ಉಪ್ಪು ಹಾಕಿಕೊಂಡು ಅಡಿಗೆಮನೆಯಲ್ಲಿ, ಅವರ ಕಡೆ ಬೆನ್ನು ಹಾಕಿ ಉಣ್ಣುತ್ತಿದ್ದೆ. ಅವರ ಮೂಗು ಗೊತ್ತಲ್ಲ. ನನ್ನ ತಟ್ಟೆಯಲ್ಲಿ ಏನಿದೆ ಅಂತ ಅವರಿಗೆ ತಿಳಿಯುತ್ತಿತ್ತು.

ಒಂದು ರಾತ್ರಿ ಗಂಜಿ ಮುಂದಿಟ್ಟೆ. ದೇವರ ಮುಂದೆ ದೀಪ ಉರಿಯುತ್ತಿತ್ತು. ಅತ್ತಿಗೆ ಚಮಚ ಮುಟ್ಟಲಿಲ್ಲ. ನನ್ನನ್ನೇ ನೋಡಿ, ಹಗಲಲ್ಲಿ ಹೇಳುವ ಹಾಗೆ ಸ್ಪಷ್ಟವಾಗಿ, "ಸರೋಜಾ, ಉಪ್ಪು ಕೊಡು" ಅಂದರು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅಷ್ಟು ವರ್ಷದಲ್ಲಿ ಆ ಮನೆಯೊಳಗೆ ದೀಪದ ಮುಂದೆ ಆ ಮಾತು ಅವರಿಂದ ಕೇಳಿರಲಿಲ್ಲ. ಇನ್ನು ತಿಳಿಯದವಳ ಹಾಗೆ ಇರುವುದಕ್ಕೆ ನನಗೂ ದಾರಿ ಇರಲಿಲ್ಲ.

"ಡಾಕ್ಟ್ರು ಬೇಡ ಅಂದಿದಾರೆ ಅತ್ತಿಗೆ."

"ಹೌದಾ" ಅಂದರು. ಗಂಜಿ ಪೂರ್ತಿ ಉಂಡರು. ಬಟ್ಟಲು ತಾವೇ ನನ್ನ ಕಡೆ ದೂಡಿದರು.

ಆ ವಾರ ಮುಗಿಯುವುದರೊಳಗೆ ಹೋದರು, ನಿದ್ದೆಯಲ್ಲಿ. ಇಷ್ಟು ದಿನ ಇದ್ದದ್ದೇ ನೀವು ನೋಡಿಕೊಂಡಿದ್ದರಿಂದ ಅಂದರು ಡಾಕ್ಟರು. ಇರಬಹುದು. ನಾನು ಮಾಡಿದ್ದು ತಪ್ಪು ಅಂತ ಈಗಲೂ ಹೇಳುವುದಿಲ್ಲ. ಇವತ್ತು ಕೇಳಿದರೂ ಕೊಡುತ್ತಿರಲಿಲ್ಲವೇನೋ. ಆದರೆ ಊಟಕ್ಕೆ ಕೂತಾಗಲೆಲ್ಲ ಆ ಬಟ್ಟಲು ನೆಲದ ಮೇಲೆ ಜಾರಿದ ಸದ್ದು ಬರುತ್ತದೆ. ಒಂದು ಹರಳು. ಒಂದು ಹರಳಿಗೆ ಅವರ ಕಾಲು ಎಷ್ಟು ಊದುತ್ತಿತ್ತು?

ಮೊನ್ನೆ ಕತ್ತಲಾದ ಮೇಲೆ ಫಾತಿಮಾ ಬಾಗಿಲಲ್ಲಿ ನಿಂತಳು. ಅವಳಿಗೂ ಈಗ ತಲೆ ಹಣ್ಣಾಗಿದೆ.

"ಸರೋಜಕ್ಕಾ, ರುಚಿ ಇದ್ರೆ ಕೊಡಿ."

ಅತ್ತಿಗೆ ಹೋದ ಮೇಲೆ ಅವಳ ಬಾಯಲ್ಲೇ ಆ ಮಾತು ಉಳಿದಿರುವುದು. ನನ್ನ ಗಂಜಿ ಒಲೆಯಿಂದ ಇಳಿದಿತ್ತು, ಇನ್ನೂ ಉಪ್ಪು ಹಾಕಿರಲಿಲ್ಲ. ಅಕ್ಕಿ ಚೀಲದ ಹಿಂದಿನಿಂದ ಡಬ್ಬ ಎಳೆದು ಅವಳ ಕೈಗೆ ಕೊಟ್ಟೆ.

"ಎಂತ, ಡಬ್ಬನೇ ಕೊಟ್ರಾ? ಅದೂ ರಾತ್ರಿ? ಕಮಲಕ್ಕ ಇದ್ದಿದ್ರೆ ನನ್ನ ಓಡಿಸ್ತಿದ್ರು."

"ತಗೊಂಡು ಹೋಗು. ಬೆಳಿಗ್ಗೆ ತಂದ್ರೆ ಸಾಕು."

ಬಾಗಿಲು ಹಾಕಿ ಬಂದು ಸಪ್ಪೆ ಗಂಜಿಯನ್ನೇ ಬಡಿಸಿಕೊಂಡೆ. ಎರಡು ತುತ್ತು ಹೇಗೋ ಇಳಿಯಿತು. ಮೂರನೆಯದನ್ನು ಬಟ್ಟಲಿಗೇ ಬಿಟ್ಟೆ. ಅತ್ತಿಗೆ ಒಂದು ಮಳೆಗಾಲ ಪೂರ್ತಿ ಅದನ್ನೇ ಉಂಡಿದ್ದರು.