ಕಚ್ಚಿದ ಪಿಸ್ಟನ್ ಬಿಡಿಸಿದ ಚನ್ನಬಸವ್ವ

ಗಂಡ ಈರಬಸಪ್ಪ ತೀರಿಕೊಂಡ ಮೇಲೆ ಪುಣೆಯ ಭವಾನಿ ಪೇಠೆಯಲ್ಲಿದ್ದ ಅವನ ಹಿಟ್ಟಿನ ಗಿರಣಿಗೆ ಎರಡು ವರ್ಷ ಬೀಗ ಬಿದ್ದಿತ್ತು. ಬೀಗದ ಕೈ ಮೈದುನ ಸಿದ್ದಲಿಂಗಪ್ಪನ ಹತ್ತಿರ. ೧೯೪೩ರ ದೀಪಾವಳಿ ಕಳೆದದ್ದೇ ಚನ್ನಬಸವ್ವ ಜಗಳ ತೆಗೆದು ಅದನ್ನು ಕಸಿದುಕೊಂಡು ಬಂದಳು. ಬಾಗಿಲು ತೆರೆದರೆ ಎಂಜಿನ್ನಿನ ಮೇಲೆ ಆಕಾಶ ಕಾಣುತ್ತಿತ್ತು. ಮಾಡಿನ ತಗಡುಗಳನ್ನು ಸಿದ್ದಲಿಂಗಪ್ಪ ತನ್ನ ದನದ ಕೊಟ್ಟಿಗೆಗೆ ಒಯ್ದಿದ್ದ. ಎರಡು ಮಳೆಗಾಲದ ನೀರು ಇಳಿದು ಎರಡೂ ಪಿಸ್ಟನ್ ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ದೊಡ್ಡ ಗಾಲಿ ಎಳ್ಳಷ್ಟೂ ಅಲುಗಲಿಲ್ಲ.

ಸಿದ್ದಲಿಂಗಪ್ಪ ಹಿಂದೆಯೇ ಬಂದು ನಿಂತ.

“ಅದು ಸತ್ತದ, ವೈನಿ. ಯುದ್ಧದ ಕಾಲ, ಹಳೇ ಕಬ್ಬಿಣ ಭಾಳ ಮಂದಿಗೆ ಬೇಕಾಗ್ಯದ. ಗುಜರಿ ಪಂಢರಿನಾಥಗ ಮಾತು ಕೊಟ್ಟೀನಿ. ಸೋಮವಾರ ಒಡದು ಒಯ್ತಾನ.”

“ನನ್ನ ಎಂಜಿನ್ನಿಗೆ ಮಾತು ಕೊಡಾಕ ನೀ ಯಾರು?”

“ಗಂಡ ಇಲ್ಲದಾಕಿ ನೀ ಗಿರಣಿ ನಡಸ್ತೀಯೇನು? ಓಣಿ ಮಂದಿ ನಗ್ತಾರ.”

“ನಗಲಿ. ನೀ ಹೊರಗ ನಡಿ.”

ಅವನು ಹೊಸ್ತಿಲ ಮೇಲೆ ಉಗುಳಿ ಹೋದ.

ಹನ್ನೆರಡು ವರ್ಷ ಗಂಡನ ಪಕ್ಕ ನಿಂತು ನಟ್ಟು ತಿರುಗಿಸುವ ಪಾನಾ ಎತ್ತಿಕೊಟ್ಟವಳು ಅವಳು. ನಟ್ಟು ಬಿಚ್ಚಿ ಸಿಲಿಂಡರಿನ ಮುಚ್ಚಳ ಎತ್ತಿಸಿದಳು. ಒಳಗೋಡೆಯ ತುಕ್ಕನ್ನು ಮರಳು ಕಾಗದದಿಂದ ಉಜ್ಜಿದಳು. ಚಿಮಣಿ ಎಣ್ಣೆ ಸಿಗದ ದಿನಗಳು. ಮನೆಯ ದೀಪದ ಬುಡ್ಡಿಗಳನ್ನು ಬರಿದು ಮಾಡಿ, ಔಡಲೆಣ್ಣೆ ಬೆರೆಸಿ ಪಿಸ್ಟನ್ನುಗಳ ಮೇಲೆ ಸುರಿದಳು. ಎಣ್ಣೆ ಇಂಗಿದಂತೆಲ್ಲ ಮತ್ತೆ ಸುರಿದಳು. ದಿನಕ್ಕೆರಡು ಸಲ ಸಿಲಿಂಡರಿನ ಸುತ್ತ ನೀರು ಹರಿಯುವ ಜಾಗಕ್ಕೆ ಕುದಿನೀರು ಹೊಯ್ದು, ಕಬ್ಬಿಣ ಬಿಸಿಯಾದಾಗ ಜಾಲಿ ಕಟ್ಟಿಗೆಯ ತುಂಡನ್ನು ಪಿಸ್ಟನ್ನಿನ ಮೇಲಿಟ್ಟು ಮೆಲ್ಲಗೆ ಬಡಿದಳು. ಜೋರಾಗಿ ಬಡಿದರೆ ಪಿಸ್ಟನ್ ಸೀಳುತ್ತದೆಂದು ಗೊತ್ತಿತ್ತು. ಮೈದುನನ ಮುಖ ನೆನಪಾದಾಗಲೆಲ್ಲ ಸುತ್ತಿಗೆ ಕೆಳಗಿಟ್ಟು, ಸಿಟ್ಟು ಇಳಿದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದಳು.

ಸೋಮವಾರ ಸಿದ್ದಲಿಂಗಪ್ಪ ಪಂಢರಿನಾಥನನ್ನು ಕರೆದುಕೊಂಡು ಬಂದ. ಹಿಂದೆ ಕಬ್ಬಿಣ ಒಡೆಯುವ ದೊಡ್ಡ ಸುತ್ತಿಗೆ, ಘನ, ಹೊತ್ತ ಇಬ್ಬರು ಆಳುಗಳು. ಚನ್ನಬಸವ್ವ ಗಾಲಿಗೆ ಹಾರೆ ಹಾಕಿ ಹಿಂದಕ್ಕೂ ಮುಂದಕ್ಕೂ ಮೀಟುತ್ತಿದ್ದಳು.

“ಸರೀ ಆ ಕಡೆ,” ಎಂದ ಸಿದ್ದಲಿಂಗಪ್ಪ.

“ಮುಟ್ಟಿದರ ಈ ಹಾರೆ ನಿನ್ನ ಮೊಣಕಾಲಿಗೆ ಬೀಳ್ತದ.”

ಅವನು ನಿಂತಲ್ಲೇ ನಿಂತ. ಅವಳು ಮೈಭಾರವೆಲ್ಲ ಹಾಕಿ ಇನ್ನೊಮ್ಮೆ ಮೀಟಿದಳು. ಒಳಗೆ ಏನೋ ಕರಕ್ಕೆಂದಿತು, ಗಾಲಿ ಬೆರಳಗಲ ತಿರುಗಿತು. ಮತ್ತೆ ಮೀಟಿದಳು, ಗೇಣಗಲ. ಕೆಂಪು ಎಣ್ಣೆ ಉಕ್ಕಿ ಎರಡೂ ಪಿಸ್ಟನ್ ಮೇಲೆದ್ದವು. ಪಂಢರಿನಾಥ ಗಾಲಿಯನ್ನು ತಾನೇ ಒಂದು ಸುತ್ತು ತಿರುಗಿಸಿ ನೋಡಿ, ತಿರುಗುವ ಎಂಜಿನ್ನನ್ನು ತಾನು ಒಡೆಯುವುದಿಲ್ಲವೆಂದು ಮರಾಠಿಯಲ್ಲಿ ಹೇಳಿ ಆಳುಗಳನ್ನು ಕರೆದುಕೊಂಡು ಹೊರಟ. ಸಿದ್ದಲಿಂಗಪ್ಪ ಬೈಯುತ್ತಲೇ ಅವನ ಹಿಂದೆ ಹೋದ.

ಮಾಡಿಗೆ ಬೇರೆ ತಗಡು ಹೊದಿಸಿ, ಪಿಸ್ಟನ್ನುಗಳಿಗೆ ಹೊಸ ರಿಂಗು ಹಾಕಿಸಿದ ಮೇಲೆ ಸಂಕ್ರಾಂತಿಗೆ ಗಿರಣಿ ಶುರುವಾಯಿತು. ನಗುತ್ತದೆಂದು ಮೈದುನ ಹೇಳಿದ್ದ ಓಣಿಯೇ ಬುಟ್ಟಿ ಹಿಡಿದು ಸಾಲು ನಿಂತಿತು. ಮೈದುನನ ಮನೆಯೊಂದಿಗೆ ಮಾತು ಮಾತ್ರ ನಿಂತೇ ಹೋಯಿತು. ಮೂರೂವರೆ ವರ್ಷದ ಮೇಲೆ, ದೇಶಕ್ಕೆ ಸ್ವಾತಂತ್ರ್ಯ ಬಂದ ವಾರ, ಆ ಮನೆಯ ಜೋಳ ಆಳಿನ ತಲೆಯ ಮೇಲೆ ಗಿರಣಿಗೆ ಬಂತು. ಚನ್ನಬಸವ್ವ ಚೀಲದ ಗುರುತು ಹಿಡಿದಳು. “ಇಲ್ಲಿ ಬೀಸೂದಿಲ್ಲ, ಒಯ್ಯಿ,” ಎಂದು ಹೇಳಿ ಮುಂದಿನವರ ಬುಟ್ಟಿಗೆ ಕೈ ಹಾಕಿದಳು.