ನಮ್ಮಪ್ಪ ಮುಟ್ಟದ ತಲೆಗಳು

ಆಕ್ಲೆಂಡಿಗೆ ಬಂದು ಹನ್ನೊಂದು ವರ್ಷ ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಕಳ್ಳತನ ಮಾಡಿದ್ದಲ್ಲ, ಯಾರ ತಲೆ ಒಡೆದದ್ದೂ ಅಲ್ಲ. ನಮ್ಮಪ್ಪ ಊರಿನ ಕ್ಷೌರಿಕ, ಅಷ್ಟೇ. ವಿಜಯಪುರದ ಕಡೆಯ ಹಳ್ಳಿಯೊಂದರಲ್ಲಿ ಬೇವಿನ ಮರದ ಕೆಳಗೆ ಕೂತು ಊರವರ ತಲೆ, ದಾಡಿ ಮಾಡುತ್ತಿದ್ದ. ಇಲ್ಲಿನ ಕನ್ನಡದವರು ‘ನಿಮ್ಮ ತಂದೆ ಏನ್ ಮಾಡ್ತಿದ್ರು?’ ಎಂದು ಕೇಳಿದರೆ ‘ಸಣ್ಣ ಬಿಸಿನೆಸ್’ ಎಂದುಬಿಡುತ್ತಿದ್ದೆ. ನಾನು ನರ್ಸ್. ಮನೆಮನೆಗೆ ಹೋಗಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವುದು ನನ್ನ ಕೆಲಸ. ಕೀವು ಸೋರುವ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆಯಲು ನಾಚದವನು ಅಪ್ಪನ ಕತ್ತರಿಗೆ ನಾಚುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇದು 2010ರ ದಶಕದ ನಡುವಿನ ಮಾತು. ಹೆಂಡರ್ಸನ್ ಬಡಾವಣೆಯಲ್ಲಿ ಈ ದೇಶದ ಮೂಲನಿವಾಸಿಯಾದ ಒಬ್ಬ ಮಾವೊರಿ ಅಜ್ಜನ ಮನೆಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ, ಎಡಗಾಲಿನ ಹೆಬ್ಬೆರಳಲ್ಲಿ ಮಾಯದ ಹುಣ್ಣು. ಎಂಬತ್ತರ ಹತ್ತಿರದ ವಯಸ್ಸು, ಗಂಟಲು ಮಾತ್ರ ಫೌಜುದಾರನದು. ಮನೆಯವರಂತೆ ನಾನೂ ಅವರನ್ನು ‘ಕೋರೋ’ ಎನ್ನುತ್ತಿದ್ದೆ, ಅಂದರೆ ಅಜ್ಜ. ಅವರು ನನ್ನನ್ನು ‘ಬಾಯ್’ ಎನ್ನುತ್ತಿದ್ದರು. ನಲವತ್ತೆರಡು ವರ್ಷದ ಬಾಯ್ ನಾನು! ಅವರ ಬಿಳಿ ಕೂದಲು ಹೆಗಲು ದಾಟಿ ಇಳಿದಿತ್ತು. ಐವತ್ತು ವರ್ಷ ಹೆಂಡತಿಯೇ ಅದನ್ನು ಕತ್ತರಿಸಿದ್ದರು. ಅವರು ತೀರಿಕೊಂಡ ಮೇಲೆ ಅಜ್ಜ ಯಾರಿಗೂ ತಲೆ ಕೊಟ್ಟಿರಲಿಲ್ಲ.

ಫೆಬ್ರುವರಿಯ ಮೊದಲ ವಾರ ನಾನು ಹೋದಾಗ ಕೋರೋಗೂ ಜೊತೆಗಿದ್ದ ಅವರ ಮಗಳಿಗೂ ಜಗಳ ನಡೆದಿತ್ತು. ಕೋರೋ ಹುಟ್ಟಿದ ಊರಿನಿಂದ ಕಾಗದ ಬಂದಿತ್ತು. ಆಕ್ಲೆಂಡಿನ ದಕ್ಷಿಣಕ್ಕೆ, ಈರುಳ್ಳಿ ಆಲೂಗಡ್ಡೆ ಬೆಳೆಯುವ ಊರು ಅದು. ಅಲ್ಲಿನ ಸ್ಮಶಾನದಲ್ಲಿ ಹೆಸರಿಲ್ಲದೆ ಮಣ್ಣಾದ ಮಾವೊರಿ ಮಕ್ಕಳಿಗೆ ಈಗ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸುತ್ತಾರಂತೆ. ಆ ಮಕ್ಕಳಲ್ಲಿ ಒಬ್ಬಳು ಕೋರೋ ಅವರ ತಂಗಿ, ನಾಲ್ಕನೇ ವಯಸ್ಸಿಗೆ ದಡಾರದಲ್ಲಿ ಹೋದವಳು. ಹೊರಡುವ ಮುಂಚೆ ಬಾರ್ಬರ್ ಹತ್ತಿರ ಹೋಗೋಣ ಎಂದು ಮಗಳು ಹಟ ಹಿಡಿದಿದ್ದರು.

“ಬಾರ್ಬರ್ ಕುರ್ಚಿಯಲ್ಲಿ ಈ ಅಂಡು ಕೂರುವುದಿಲ್ಲ,” ಎಂದರು ಕೋರೋ.

“ಹಾಗಾದರೆ ಈ ಜಟೆಯಲ್ಲೇ ಬರುತ್ತೀಯಾ?”

“ತಂಗಿಯ ಮುಂದೆ ಈ ಅವತಾರದಲ್ಲಿ ನಿಲ್ಲಲಾರೆ. ಹೋಗುವುದೇ ಇಲ್ಲ.”

ಮಗಳು ಕಣ್ಣೊರೆಸಿಕೊಂಡು ಒಳಗೆ ಹೋದರು. ನಾನು ಬ್ಯಾಂಡೇಜು ಬಿಚ್ಚುತ್ತಿದ್ದಂತೆ ಕೋರೋ ತಾವಾಗಿಯೇ ಹೇಳತೊಡಗಿದರು.

“ಆ ನೆಲ ನನ್ನ ಹಿರಿಯರದು, ಬಾಯ್. ರಾಣಿಯ ಸೈನಿಕರು ಗುಂಡು ಹಾರಿಸಿ ಕಿತ್ತುಕೊಂಡರು. ಗೆರೆ ಎಳೆದು ಬಿಳಿಯರಿಗೆ ಮಾರಿದರು. ಎಂಬತ್ತು ವರ್ಷದ ಮೇಲೆ ಅದೇ ನೆಲದಲ್ಲಿ ನಾವು ಕೂಲಿಗೆ ಈರುಳ್ಳಿ ಕಿತ್ತೆವು. ಸಿನಿಮಾಕ್ಕೆ ಹೋದರೆ ನಾವು ಕೆಳಗೆ, ಅವರು ಮೇಲೆ. ತಂಗಿ ಸತ್ತಾಗ ನನಗೆ ಏಳು ವರ್ಷ. ಮಣ್ಣು ಮಾಡುವ ದಿನ ಚೆನ್ನಾಗಿ ಕಾಣಲಿ ಎಂದು ಅಪ್ಪ ನನ್ನನ್ನು ಬಾರ್ಬರ್ ಅಂಗಡಿಗೆ ಕರೆದುಕೊಂಡು ಹೋದ. ಬಾರ್ಬರ್ ಬಾಗಿಲಿಗೆ ಅಡ್ಡ ನಿಂತು, ‘ನಿಮ್ಮವರಿಗೆ ಇಲ್ಲಿ ಮಾಡುವುದಿಲ್ಲ’ ಅಂದ. ಅಪ್ಪ ಒಳಗೆ ಹೋಗಲೆಂದು ಆಗಲೇ ಟೋಪಿ ತೆಗೆದಿದ್ದ. ಮತ್ತೆ ಹಾಕಿಕೊಂಡ.”

“ನಾವು ಕೂಲಿ ಮಾಡುತ್ತಿದ್ದ ತೋಟದ ಯಜಮಾನ ನಿಮ್ಮ ದೇಶದವನೇ,” ಎಂದರು. “ಅವನಿಗೂ ಆ ಅಂಗಡಿಯಲ್ಲಿ ಕುರ್ಚಿ ಇರಲಿಲ್ಲ. ಆದರೂ ನಮ್ಮನ್ನು ಮಲಗಿಸಿದ್ದು ಗೊಬ್ಬರದ ಶೆಡ್‌ನಲ್ಲಿ. ತಂಗಿ ಸತ್ತದ್ದೂ ಅಲ್ಲೇ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ನನ್ನದಾಯಿತು. “ನೋವಾಗಬೇಕಾದದ್ದು ನನ್ನ ಕಾಲಿಗೆ,” ಎಂದರು ಕೋರೋ, “ನೀನು ಯಾಕೆ ಮುಖ ಹಿಂಡುತ್ತೀಯ?” ನಾನು ಹೊಸ ಬ್ಯಾಂಡೇಜು ಸುತ್ತಿ ಎದ್ದು ಬಂದೆ.

ಆ ವಾರವೇ ವೈಟಂಗಿ ದಿನ. ಮಾವೊರಿಗಳೂ ಬ್ರಿಟಿಷ್ ರಾಣಿಯ ಕಡೆಯವರೂ ಒಪ್ಪಂದಕ್ಕೆ ಸಹಿ ಹಾಕಿದ ದಿನವೆಂದು ದೇಶಕ್ಕೆಲ್ಲ ರಜೆ. ಹಿಲ್ಸ್‌ಬರೋದಲ್ಲಿ ಕನ್ನಡದ ಡಾಕ್ಟರೊಬ್ಬರ ಮನೆಯಲ್ಲಿ ಊಟವಿತ್ತು. ಮೈಸೂರು ಕಡೆಯ ಒಬ್ಬ ಅಂಕಲ್ ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡು ಉಪನ್ಯಾಸ ಶುರುಮಾಡಿದರು.

“ನೋಡಿ, ಈ ಮಾವೊರಿಗಳಿಗೆ ಆದದ್ದೇ ನಮಗೂ ಆಗಿದ್ದು. ಬ್ರಿಟಿಷ್‌ನೋರು ಬರೋ ಮುಂಚೆ ನಮ್ಮಲ್ಲಿ ಜಾತಿಗೀತಿ ಅಂತ ಜಗಳ ಎಲ್ಲಿತ್ತು ಹೇಳಿ? ಒಡೆದು ಆಳಿದ್ರು ಕಣ್ರೀ, ಅಷ್ಟೇ.”

ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಡಾಕ್ಟರ ಮಗ ಕೋಣೆಯಿಂದ ಬಂದ. ತಲೆಯ ಒಂದು ಪಕ್ಕ ಪೂರ್ತಿ ಬೋಳಿಸಿಕೊಂಡಿದ್ದ. ಅದೇ ಅಂಕಲ್, “ಏನೋ ಇದು ಅವತಾರ, ಯಾವ ಹಜಾಮ ಕಟ್ ಮಾಡಿದ್ದು?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಬ್ರಿಟಿಷರಿಗೆ ರಿಯಾಯಿತಿ ಕೊಡುವವನಲ್ಲ ನಾನು. ನಮ್ಮಲ್ಲಿ ಇದ್ದ ಗೋಡೆಗೆ ಅವರು ಗಾರೆ ಮೆತ್ತಿದರು, ಜಾತಿಗಳನ್ನು ಪಟ್ಟಿ ಮಾಡಿ ಸರ್ಕಾರಿ ಮೊಹರು ಒತ್ತಿದರು. ಇಲ್ಲಂತೂ ಗೋಡೆಯನ್ನೇ ಹೊಸದಾಗಿ ಎಬ್ಬಿಸಿದರು. ಆದರೆ ನಮ್ಮೂರ ಬೇವಿನ ಮರದ ಕೆಳಗೆ ಯಾವ ಬ್ರಿಟಿಷನೂ ಕೂತಿರಲಿಲ್ಲ. ಕೂತಿದ್ದವನು ನಮ್ಮಪ್ಪ. ಇದನ್ನು ಅಲ್ಲಿಯೇ, ಆ ತಟ್ಟೆಗಳ ನಡುವೆ ಹೇಳಬೇಕಿತ್ತು. ಹೇಳಲಿಲ್ಲ.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಮಗಳು, “ವಾಟ್ಸ್ ಹಜಾಮ, ಡ್ಯಾಡಿ?” ಎಂದಳು.

“ಏನಿಲ್ಲವಾ, ಅದೊಂದು ಜೋಕು,” ಎಂದೆ.

ಮಾತು ಬಾಯಿಂದ ಬಿದ್ದ ಮೇಲೆ ಮೈ ಉರಿಯಿತು. ನನ್ನಪ್ಪ ಜೋಕೇ? ಮೌಂಟ್ ಆಲ್ಬರ್ಟಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹಿಂದೆ ತಿರುಗಿ ಹೇಳಿದೆ. “ಹಜಾಮ ಅಂದ್ರ ನಿಮ್ಮಜ್ಜ. ಊರ ಮಂದಿ ಕೂದಲಾ ಕತ್ತರಸ್ತಿದ್ದ.”

“ಕೂಲ್,” ಎಂದು ಅವಳು ಮತ್ತೆ ಫೋನು ನೋಡತೊಡಗಿದಳು. ಹನ್ನೊಂದು ವರ್ಷದ ಗುಟ್ಟು ಒಂದು ಕೂಲ್‌ಗೆ ಮುಗಿದುಹೋಯಿತು. ಪಕ್ಕದಲ್ಲಿದ್ದ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

ಮುಂದಿನ ಸಲ ಹೆಂಡರ್ಸನ್‌ಗೆ ಹೋಗುವಾಗ ಊರಿಂದ ತಂದು ಸೂಟ್‌ಕೇಸಿನ ತಳದಲ್ಲಿ ಅಡಗಿಸಿಟ್ಟಿದ್ದ ಅಪ್ಪನ ಕತ್ತರಿ, ಬಾಚಣಿಗೆ ಎರಡನ್ನೂ ಚೀಲಕ್ಕೆ ಹಾಕಿಕೊಂಡೆ. ಡ್ರೆಸ್ಸಿಂಗ್ ಮುಗಿಸಿ, “ಕೋರೋ, ನಾನು ಬಾರ್ಬರನ ಮಗ, ಕೈಗೆ ಕೆಲಸ ಗೊತ್ತು. ಕುರ್ಚಿ ನಿಮ್ಮದೇ ಇರಲಿ,” ಎಂದೆ. ಅವರು ಒಪ್ಪುವ ಮೊದಲೇ ಮಗಳು ವರಾಂಡಕ್ಕೆ ಕುರ್ಚಿ ತಂದು, ಕೆಳಗೆ ಹಾಸಿಗೆಯ ಬಟ್ಟೆ ಹಾಸಿಬಿಟ್ಟರು.

“ಒಂದು ಕೂದಲೂ ಕಸಕ್ಕೆ ಹೋಗಬಾರದು, ಮಣ್ಣಿಗೆ ಹೋಗಬೇಕು,” ಎಂದು ಕೋರೋ ಕರಾರು ಹಾಕಿದರು. ಅವರಲ್ಲಿ ತಲೆ ಪವಿತ್ರ. ನಮ್ಮೂರಲ್ಲಿ ತಲೆ ಕೊಟ್ಟು ಕೂತವರು, ಎದ್ದ ಮೇಲೆ ನಮ್ಮಪ್ಪನನ್ನು ಮುಟ್ಟಿಸಿಕೊಳ್ಳದೆ ನೇರ ಬಚ್ಚಲಿಗೆ ಹೋಗುತ್ತಿದ್ದರು.

ಕತ್ತರಿ ಎತ್ತಿದೆ. ಮತ್ತೆ ಇಳಿಸಿದೆ. ಹೇಳದೆ ಆ ತಲೆ ಮುಟ್ಟಿದರೆ ಮೋಸ. ಹೇಳಿದರೆ ಎದ್ದು ಹೋಗಬಹುದು, ತಂಗಿಯ ಕಲ್ಲಿನ ಹತ್ತಿರವೂ ಹೋಗದಿರಬಹುದು.

“ನಿಮ್ಮನ್ನು ಬಾಗಿಲಲ್ಲಿ ತಡೆದನಲ್ಲ,” ಎಂದೆ, “ನಮ್ಮಪ್ಪನೂ ಅಂಥವನೇ.”

ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ದಲಿತ ಕೇರಿಯ ಹುಡುಗ. ಆಗಸ್ಟ್ ಹದಿನೈದಕ್ಕೆ ಅವನದೇ ಭಾಷಣ. ಹಿಂದಿನ ದಿನ, ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ, ಬೇವಿನ ಮರದ ಹತ್ತಿರ ಬಂದು ನಿಂತ. ಗೌಡರು ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದರು. ಅಪ್ಪ ತಲೆಯೆತ್ತದೆ, “ನಿಮ್ಮ ಕೇರಿಯವ್ರಿಗಿ ಇಲ್ಲಿ ಮಾಡಂಗಿಲ್ಲ, ಹೋಗಪಾ,” ಎಂದ. ಮಾಡಿದ್ದರೆ ಸಂಜೆಯೊಳಗೆ ನಮ್ಮ ಮನೆಗೇ ಬಹಿಷ್ಕಾರ ಬೀಳುತ್ತಿತ್ತು. ನಿಜ. ಆದರೆ ಹೆದರಿಕೆಯಿಂದ ಮಾಡಿದ ತಪ್ಪೂ ತಪ್ಪೇ. ನಾನು ಗೌಡರಿಗೆ ಕನ್ನಡಿ ಹಿಡಿದು ನಿಂತಿದ್ದೆ. ಗೆಳೆಯನ ಕಡೆ ನೋಡಲೂ ಇಲ್ಲ.

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ನಿಂತೆ. ಕೋರೋ ತಿರುಗಲಿಲ್ಲ.

“ನನಗೆ ಯಾಕೆ ಹೇಳುತ್ತೀ?”

“ಕ್ಷಮೆ ಕೇಳೋಣ ಅಂತ.”

“ಆ ಹುಡುಗ ನಾನಲ್ಲ. ನನ್ನ ಊರಿನವರು ಎಪ್ಪತ್ತು ವರ್ಷ ತೆಗೆದುಕೊಂಡರು. ಆದರೂ ಕಾಗದ ಬರೆದದ್ದು ನನಗೆ. ಯಾರೋ ಬೇರೆಯವರ ವರಾಂಡದಲ್ಲಿ ಅತ್ತು ಮನೆಗೆ ಹೋಗಲಿಲ್ಲ. ಆ ಹುಡುಗ ಬದುಕಿದ್ದಾನಾ?”

“ಇದ್ದಾನೆ.”

“ಹಾಗಾದರೆ ನನ್ನ ತಲೆ ಬೇಗ ಮಾಡು. ನನ್ನ ತಂಗಿ ಕಾಯುತ್ತಿದ್ದಾಳೆ.”

ಮಾಡಿದೆ. ಇಪ್ಪತ್ತೈದು ವರ್ಷ ಕತ್ತರಿ ಹಿಡಿಯದ ಕೈ ಒಂದು ಕಡೆಯೂ ತಪ್ಪಲಿಲ್ಲ. ಕೂದಲನ್ನು ಮಗಳು ಹಿತ್ತಲಿನಲ್ಲಿ ಹೂತರು. ಕೋರೋ ಊರಿಗೆ ಹೋಗಿ, ಕಲ್ಲಿನ ಮೇಲೆ ತಂಗಿಯ ಹೆಸರನ್ನು ಬೆರಳಿನಿಂದ ಸವರಿ, ಭಾಷಣಗಳೆಲ್ಲ ಮುಗಿದ ಮೇಲೆ ಎದ್ದು ನಿಂತು, “ಕಲ್ಲು ಚೆನ್ನಾಗಿದೆ. ನೆಲದ ಮಾತು ಯಾವಾಗ?” ಎಂದು ಎಲ್ಲರ ಮುಂದೆ ಕೇಳಿದರಂತೆ. ಮಗಳು ಅದನ್ನು ನನಗೆ ಹೇಳುವಾಗ ಅವರು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು, ತಮಗೆ ಸಂಬಂಧವೇ ಇಲ್ಲವೆಂಬಂತೆ.

ನನ್ನ ಗೆಳೆಯ ಈಗ ಹೈಸ್ಕೂಲು ಮಾಸ್ತರ. ಶಾಲೆಯ ಹಳಬರ ವಾಟ್ಸ್ಯಾಪ್ ಗುಂಪಿನಿಂದ ನಂಬರು ಪಡೆದು, ಮೂರು ದಿನ ಹಿಂದೇಟು ಹಾಕಿ, ಒಂದು ಭಾನುವಾರ ಮಧ್ಯಾಹ್ನ ಫೋನು ಮಾಡಿದೆ. ಹೆಸರು ಹೇಳಿದ ತಕ್ಷಣ, “ಯಾರು, ಕನ್ನಡಿ ಹಿಡಕೊಂಡು ನಿಂತಿದ್ದಿಯಲ್ಲ, ಅವನಾ?” ಎಂದ.

ಅವನು ಮರೆತಿರಬಹುದು ಎಂದುಕೊಂಡಿದ್ದ ನನ್ನ ಬುದ್ಧಿಗಿಷ್ಟು. ತಪ್ಪಾಯಿತು ಎಂದೆ. ಬಂದು ನಿನ್ನ ತಲೆ ಮಾಡುತ್ತೇನೆ ಎಂದೆ. ಅವನು ಜೋರಾಗಿ ನಕ್ಕ.

“ತಲ್ಯಾಗ ಕೂದಲಾ ಎಲ್ಲಿ ಉಳದಾವೋ? ಬೋಳಾಗಿ ಹತ್ತ ವರ್ಷಾತು. ಭಾಳ ತಡಾ ಮಾಡಿದಿ.”

ಅವನ ನಗು ನಿಂತಿತು.

“ದಾಡಿ ಬೆಳೀತದ,” ಎಂದ. “ಬರೂದಿದ್ರ ಬಾ. ಆದ್ರ ನಮ್ಮ ಮನ್ಯಾಗ ಬಾಗಲಾ ಹಾಕ್ಕೊಂಡು ಮಾಡೂದಲ್ಲ. ನಿಮ್ಮಪ್ಪ ಕುಂಡ್ರತಿದ್ನಲ್ಲ, ಅಲ್ಲೇ. ಊರ ಮಂದಿ ಎಲ್ಲಾ ನೋಡೂ ಹೊತ್ತಿನಾಗ. ಗದ್ಲ ಆಗ್ತದ, ತಿಳೀತಿಲ್ಲೋ?”

“ಆಗ್ಲಿ,” ಎಂದೆ.

ಡಿಸೆಂಬರಿನಲ್ಲಿ ಹೋದೆ. ಗದ್ದಲ ಆಯಿತು. ದಾಡಿಯೂ ಆಯಿತು.