ರೇಜರ್ ಹಿಡಿಯುವ ಕೈ

ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದ ನಮ್ಮ ಚಿಕ್ಕಪ್ಪ ಗುಣವಾಗಿ ಮರಳಿ ತಮ್ಮ ಕ್ಷೌರದಂಗಡಿ ತೆರೆದರು. ಜ್ವರ ಬಿಟ್ಟಿತ್ತು, ಉಸಿರೂ ಹದಕ್ಕೆ ಬರುತ್ತಿತ್ತು. ಆದರೆ ರೇಜರ್ ಹಿಡಿದರೆ ಕೈ ನಡುಗುತ್ತಿತ್ತು. ಕತ್ತರಿ ಕೆಲಸ ಹೇಗೋ ಸಾಗಿತು. ಗಡ್ಡ ಹೆರೆಯುವುದು ನಿಂತೇಹೋಯಿತು. ಗಡ್ಡದ ಗಿರಾಕಿಗಳೆಲ್ಲ ಎದುರಿನ ಹೊಸ ಅಂಗಡಿಗೆ ನಡೆದರು.

ಹೋಗದೆ ಉಳಿದವರು ಹಳೇ ಗಿರಾಕಿ, ಒಬ್ಬ ಬಸ್ ಡ್ರೈವರ್ ಮಾತ್ರ. "ನಿನ್ನ ಕೈ ನೆಟ್ಟಗಾಗೋವರೆಗೂ ಹೀಗೇ ಗಡ್ಡ ಬಿಟ್ಕೊಂಡು ಇರ್ತೀನಿ ಕಣಯ್ಯ. ಆದ್ರೆ ಬೇಗ ಆಗಲಿ, ಮೊಮ್ಮಗು ನನ್ನ ನೋಡಿದ್ರೆ ಅಳುತ್ತೆ" ಎಂದರು.

"ವಯಸ್ಸಾಯ್ತು, ಇನ್ನು ರೇಜರ್ ಕೆಳಗಿಡೋದೇ" ಎಂದು ಚಿಕ್ಕಪ್ಪ ಮನೆಯಲ್ಲಿ ಗೊಣಗಿದಾಗ ಚಿಕ್ಕಮ್ಮ ರೇಗಿದರು. "ಹೋಗುವಾಗ ಇಲ್ಲದ ವಯಸ್ಸನ್ನ ಬರುವಾಗ ಆಸ್ಪತ್ರೆಯಿಂದ ಗಂಟು ಕಟ್ಕೊಂಡು ಬಂದ್ರಾ? ಡಾಕ್ಟ್ರನ್ನೇ ಕೇಳೋಣ, ನಡೀರಿ."

ಡಾಕ್ಟರ್ ಕೇಳಿದ್ದು ಒಂದೇ. "ಉಸಿರಾಟಕ್ಕೆ ಅಂತ ಕೊಟ್ಟಿದ್ದ ಇನ್ಹೇಲರ್ ಯಾವಾಗ ತಗೋತೀರಿ?"

"ಬೆಳಿಗ್ಗೆ, ಸಂಜೆ. ಮತ್ತೆ ಪ್ರತಿ ಗಿರಾಕಿ ಕೂತಾಗಲೂ ಒಂದ್ಸಲ. ಅವರ ಮುಖದ ಮೇಲೆ ಕೆಮ್ಮಬಾರದಲ್ಲ ಡಾಕ್ಟ್ರೇ!"

"ನಡುಕ ತರ್ತಿರೋದೇ ಅದು. ಎಳೆದ ಮೇಲೆ ಸ್ವಲ್ಪ ಹೊತ್ತು ಕೈ ನಡುಗುತ್ತೆ, ಆಮೇಲೆ ಇಳಿಯುತ್ತೆ. ನೀವು ಇಳಿಯೋಕೇ ಬಿಡ್ತಿಲ್ಲ. ಹೇಳಿದಷ್ಟೇ ತಗೊಳ್ಳಿ, ಗಿರಾಕಿಗಾಗಿ ಮಾಸ್ಕ್ ಹಾಕ್ಕೊಳ್ಳಿ. ಉಸಿರು ಕಟ್ಟಿದ್ರೆ ಮಾತ್ರ ತಡಮಾಡದೆ ಎಳೆದು ಇಲ್ಲಿಗೆ ಬನ್ನಿ."

ಗಿರಾಕಿಯ ಮರ್ಯಾದೆ ಕಾಯಲು ಹೋಗಿ ಚಿಕ್ಕಪ್ಪ ತಮ್ಮ ಕೈ ಕೆಡಿಸಿಕೊಂಡಿದ್ದರು.

ಮರುದಿನದಿಂದ ಅವರು ಬೆಳಿಗ್ಗೆ ಇನ್ಹೇಲರ್ ಎಳೆದು, ನೆಲ ಗುಡಿಸಿ, ಟವೆಲ್ ಮಡಿಸಿ, ಕನ್ನಡಿ ಒರೆಸಿದರು. ಬಳಿಕ ಒಂದು ಬಲೂನು ಊದಿ, ಸೋಪಿನ ನೊರೆ ಬಳಿದು, ರೇಜರಿನಿಂದ ಹೆರೆಯತೊಡಗಿದರು. ಹುಡುಗನಾಗಿದ್ದಾಗ ಅವರು ಕೆಲಸ ಕಲಿತದ್ದೂ ಹೀಗೆಯೇ. ಬಲೂನು ಒಡೆದರೆ ಆ ದಿನ ಗಡ್ಡ ಇಲ್ಲ.

ಮೊದಮೊದಲು ಒಂದೂ ಉಳಿಯಲಿಲ್ಲ. "ದಿನಾ ಯಾರದ್ರೀ ಹುಟ್ಟುಹಬ್ಬ?" ಎಂದು ಚಿಕ್ಕಮ್ಮ ಬಾಗಿಲಲ್ಲಿ ನಿಂತು ನಕ್ಕರು. ಚಿಕ್ಕಪ್ಪ ಮುಖದ ನೊರೆ ಒರೆಸಿಕೊಂಡು ಇನ್ನೊಂದು ಊದಿದರು. ಈಗ ಅವರಿಗೆ ಹೆದರಿಕೆಯಿರಲಿಲ್ಲ. ನಡುಕ ಬಂದದ್ದು ಎಲ್ಲಿಂದ ಎಂದು ಗೊತ್ತಿತ್ತು.

ಒಂದು ಬೆಳಿಗ್ಗೆ ಬಲೂನು ಒಡೆಯಲಿಲ್ಲ. ಮರುದಿನವೂ ಇಲ್ಲ. ಚಿಕ್ಕಪ್ಪ ಡ್ರೈವರಿಗೆ ಫೋನ್ ಮಾಡಿ ಬಲೂನಿನ ಸುದ್ದಿ ಹೇಳಿದರು.

"ನಾನು ಬಲೂನಿಗಿಂತ ಗಟ್ಟಿ ಕಣಯ್ಯ, ನಡೆಸು" ಎಂದು ಡ್ರೈವರ್ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, ಕತ್ತು ಒಡ್ಡಿ ಕಣ್ಣು ಮುಚ್ಚಿದರು. ರೇಜರ್ ಕಿವಿಯ ಬುಡದಿಂದ ಗದ್ದದವರೆಗೆ ಒಂದೇ ಸಮನೆ ಇಳಿಯಿತು.

ಡ್ರೈವರ್ ಕೆನ್ನೆ ಸವರಿಕೊಂಡು ಕನ್ನಡಿಗೆ ಬಾಗಿದರು.

"ಇನ್ನು ಮೊಮ್ಮಗು ಅತ್ರೆ ತಪ್ಪು ನನ್ನದಲ್ಲ ಡ್ರೈವರೇ," ಎಂದರು ಚಿಕ್ಕಪ್ಪ, ಮಾಸ್ಕಿನೊಳಗಿಂದ. "ಅದು ನಿಮ್ಮ ಮುಖದ್ದು."